ದೀಪ ಹತ್ತದ ಕ್ಯಾಮೆರಾ

“ಕ್ಯಾಮೆರಾ ಕೆಟ್ಟಿಲ್ಲ,” ಅಂದಳು ಮಬ್ರೂಕಾ. “ಇಲ್ಲಿ ನೋಡು, ಯಂತ್ರದ ಪಟ್ಟಿಯಲ್ಲಿ ಹೆಸರು ಸಮೇತ ಕೂತಿದೆ. ಅದನ್ನ ಎಬ್ಬಿಸಿ ಕೆಲಸಕ್ಕೆ ಹಚ್ಚಬೇಕಾದ ಡ್ರೈವರ್ ಮಾತ್ರ ನಾಪತ್ತೆ.”

“ಅಂದ್ರೆ ಸರಿಹೋಗುತ್ತಾ ಅಕ್ಕ?”

“ಮೊದಲು ನಿನ್ನ ಕೀಬೋರ್ಡ್ ಸರಿಹೋಗ್ಲಿ. ಥೂ, ಏನೇ ಇದು? ಮೀನಿನ ಮುಳ್ಳಾ?”

ರಿಹಾಬ್ ಮುಖ ತಗ್ಗಿಸಿದಳು. ಮಬ್ರೂಕಾ ಚಿಮುಟದಲ್ಲಿ ಮುಳ್ಳನ್ನು ಎತ್ತಿ, ಮುಖವನ್ನು ಆದಷ್ಟು ಹಿಂದೆ ಎಳೆದುಕೊಂಡು, ಕಸದ ಡಬ್ಬಿಗೆ ಬಿಟ್ಟಳು. ಇಪ್ಪತ್ತೆರಡು ವರ್ಷದ ರಿಪೇರಿ ಕೆಲಸದಲ್ಲಿ ಅವಳು ಲ್ಯಾಪ್‌ಟಾಪ್‌ಗಳ ಹೊಟ್ಟೆಯಿಂದ ಏನೇನು ತೆಗೆದಿದ್ದಾಳೆಂದು ಹೇಳಿದರೆ ಸ್ಫಾಕ್ಸ್ ಊರಿನ ಅರ್ಧ ಮನೆಗಳಲ್ಲಿ ನೀವು ಊಟ ಮಾಡುವುದಿಲ್ಲ. ಕತ್ತರಿಸಿದ ಉಗುರು, ಹಲ್ಲುಕಡ್ಡಿ, ಒಣಗಿದ ಹರೀಸಾ ಖಾರ, ಒಮ್ಮೆ ಯಾರದೋ ಕಟ್ಟಿಸಿದ ಹಲ್ಲು. ಅದಕ್ಕೇ ಅವಳ ಅಂಗಡಿಯಲ್ಲಿ ಒಂದು ಕಟ್ಟಳೆ: ನೀಲಿ ಕೈಗವಸು ಹಾಕಿಕೊಳ್ಳದೆ ಯಾರೂ ಯಂತ್ರ ಮುಟ್ಟುವಂತಿಲ್ಲ. ಅವಳಿಗೆ ಕೆಲಸ ಕಲಿಸಿದ ಗುರುವಿಗೂ ಆ ಕಟ್ಟಳೆಯಿಂದ ವಿನಾಯಿತಿ ಇರಲಿಲ್ಲ.

ಆದರೆ ಈ ಹುಡುಗಿಯ ಕಷ್ಟ ಮೀನಿನ ಮುಳ್ಳಲ್ಲ. ಮೂರು ವಾರದಿಂದ ಯಾರೋ ರಿಹಾಬಳಿಗೆ ಅವಳದೇ ಮಲಗುವ ಕೋಣೆಯ ಫೋಟೋಗಳನ್ನು ಕಳಿಸುತ್ತಿದ್ದರು. ಪ್ರತಿಯೊಂದರ ಕೆಳಗೂ ಒಂದೇ ಮಾತು. ‘ಬೂರಾವಿ ಗಾಣದ ಎಣ್ಣೆ ಅಪ್ಪಟ ಆಲಿವ್ ಎಣ್ಣೆಯೆಂದು ಗುರುವಾರ ಸಂಜೆ ಐದರೊಳಗೆ ಸಹಿ ಹಾಕು. ಇಲ್ಲದಿದ್ದರೆ ಇವೆಲ್ಲ ನಿನ್ನ ಗಂಡನಾಗುವವನ ಮನೆಯ ಪ್ರತಿಯೊಂದು ಫೋನಿಗೂ ಹೋಗುತ್ತವೆ.’ ಇವತ್ತು ಗುರುವಾರ. ಗೋಡೆಯ ಗಡಿಯಾರದಲ್ಲಿ ಒಂದೂಕಾಲು.

ರಿಹಾಬ್ ಎಣ್ಣೆ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಮೂಸಿ, ನಾಲಿಗೆಗೆ ತಾಗಿಸಿ, ಕಲಬೆರಕೆ ಹೇಳುವುದೇ ಅವಳ ಕಸುಬು. ಬೂರಾವಿಯ ಎಣ್ಣೆಗೆ ಸಹಿ ಹಾಕಲಾರೆ ಅಂದದ್ದೇ ಅವಳ ತಪ್ಪು. ಕೋಣೆಯಲ್ಲಿ ಎಲ್ಲಿ ಕ್ಯಾಮೆರಾ ಬಚ್ಚಿಟ್ಟಿದ್ದಾರೋ ಎಂದು ಮಬ್ರೂಕಾ ದೀಪದ ಬುರುಡೆ, ಗಡಿಯಾರ, ಫೋನು, ಎಲ್ಲ ಬಿಚ್ಚಿ ನೋಡಿಯಾಗಿತ್ತು. ಲ್ಯಾಪ್‌ಟಾಪನ್ನು ಮಾತ್ರ ರಿಹಾಬ್ ಇವತ್ತಿನವರೆಗೂ ತಂದಿರಲಿಲ್ಲ. ಕ್ಯಾಮೆರಾ ನಡೆಯುವಾಗ ಪಕ್ಕದ ಹಸಿರು ದೀಪ ಹತ್ತುತ್ತದೆ, ಆ ದೀಪ ತಾನಾಗಿ ಹತ್ತಿದ್ದನ್ನು ಒಂದು ದಿನವೂ ಕಂಡಿಲ್ಲ ಎಂದು ಆಣೆ ಮಾಡಿದ್ದಳು. ಈಗ ತಂದದ್ದೂ ಬೇರೆ ಕಾರಣಕ್ಕೆ.

“ಅತ್ತೆ ದಿನಾ ವಿಡಿಯೋದಲ್ಲಿ ಮಾತಾಡು ಅಂತಾರೆ. ಭಾನುವಾರ ಅಪ್‌ಡೇಟ್ ಹಾಕಿ ರೀಸ್ಟಾರ್ಟ್ ಮಾಡಿದೆ ನೋಡು, ಅವತ್ತಿಂದ ಕ್ಯಾಮೆರಾ ಕಣ್ಣೇ ಬಿಡ್ತಿಲ್ಲ. ಮುಖ ತೋರಿಸದಿದ್ರೆ ಏನೋ ಮುಚ್ಚಿಡ್ತಿದ್ದಾಳೆ ಅನ್ಕೋತಾರೆ. ಈಗ್ಲೇ ನನಗೆ...”

“ಇರು.” ಮಬ್ರೂಕಾ ಕೈ ಎತ್ತಿದಳು. “ಭಾನುವಾರ ಎಷ್ಟು ಹೊತ್ತಿಗೆ ಅಪ್‌ಡೇಟ್ ಹಾಕಿದೆ?”

“ಹನ್ನೊಂದೂ ಮುಕ್ಕಾಲು. ಅಪ್ಪ ಸಂತೆಯಿಂದ ಬರೋ ಹೊತ್ತು.”

“ಆ ಹಲ್ಕಾ ನನ್ಮಗ ಕೊನೇ ಫೋಟೋ ಕಳಿಸಿದ್ದು?”

ರಿಹಾಬ್ ಫೋನ್ ತೆಗೆದು ನೋಡಿದಳು. “ಭಾನುವಾರ. ಬೆಳಿಗ್ಗೆ ಒಂಬತ್ತಕ್ಕೆ.”

“ಆಮೇಲೆ?”

“ಆಮೇಲೆ ಬರೀ ಬೆದರಿಕೆ. ಹೊಸ ಫೋಟೋ ಬಂದಿಲ್ಲ.”

ಇಬ್ಬರೂ ಲ್ಯಾಪ್‌ಟಾಪಿನ ನೆತ್ತಿಯ ಮೇಲಿದ್ದ ಆ ಸಣ್ಣ ಕರಿ ಚುಕ್ಕೆಯನ್ನು ನೋಡಿದರು. ಮಬ್ರೂಕಾ ಇಂಟರ್ನೆಟ್‌ನ ತಂತಿಯನ್ನು ಕಿತ್ತಳು. ಒಂದು ತುಂಡು ಅಂಟುಪಟ್ಟಿ ಹರಿದು ಚುಕ್ಕೆಯ ಮೇಲೆ ಒತ್ತಿ, ಹೆಬ್ಬೆರಳಲ್ಲಿ ಎರಡು ಸಲ ಉಜ್ಜಿದಳು.

ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಶಾದ್ಲಿ ಚಿಕ್ಕಪ್ಪ ಬಂದರು. ಒಂದು ಕೈಯಲ್ಲಿ ಬಿಸಿ ತಬೂನಾ ರೊಟ್ಟಿ, ಇನ್ನೊಂದರಲ್ಲಿ ಎಣ್ಣೆಯ ತಟ್ಟೆ. ಕೆಳಗಿನ ರಿಪೇರಿ ಅಂಗಡಿ ಅವರದು. ಮಬ್ರೂಕಾ ಇಪ್ಪತ್ತೆರಡರ ಪ್ರಾಯದಲ್ಲಿ, ಗಂಡ ಬಿಟ್ಟುಹೋದ ವಾರ, ಸ್ಕ್ರೂಡ್ರೈವರ್ ಹಿಡಿಯಲೂ ಬರದೆ ಅವರ ಬಾಗಿಲಲ್ಲಿ ನಿಂತಿದ್ದಳು. ಕೆಲಸ ಕಲಿಸಿದ್ದು ಅವರು, ಮಹಡಿಯ ಕೋಣೆ ಬಿಟ್ಟುಕೊಟ್ಟದ್ದು ಅವರು, ಹೆಂಗಸಿನ ಕೈಗೆ ಯಂತ್ರ ಕೊಡುವುದಿಲ್ಲ ಅಂದ ಗಿರಾಕಿಗಳನ್ನು ಗದರಿಸಿ ಮೇಲೆ ಕಳಿಸಿದ್ದೂ ಅವರೇ. ಚಿಕ್ಕಂದಿನಲ್ಲಿ ಆಲಿವ್ ಗಾಣಕ್ಕೆ ಸಿಕ್ಕಿ ಅವರ ಬಲಗೈಯ ಉಂಗುರ ಬೆರಳಿನ ತುದಿ ಹೋಗಿತ್ತು. ಆ ಮೋಟು ಬೆರಳಲ್ಲೇ ಅವರು ಊರಿನ ಯಾವನಿಗಿಂತಲೂ ನಾಜೂಕಾಗಿ ಬೆಸುಗೆ ಹಾಕುತ್ತಿದ್ದರು.

“ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅಲ್ವಾ, ಮಗಳೇ? ತಗೋ. ಈ ಕೂಸಿಗೂ ಕೊಡು. ಏನಂತೆ ಯಂತ್ರಕ್ಕೆ?”

“ಅಪ್‌ಡೇಟ್ ಆದ್ಮೇಲೆ ಕ್ಯಾಮೆರಾ ನಿಂತಿದೆ, ಚಿಕ್ಕಪ್ಪ.”

“ಅಷ್ಟೇ ತಾನೇ? ಹಳೇ ಕರ್ನಲ್‌ನಿಂದ ಎಬ್ಬಿಸಿ ಕೊಟ್ಕಳಿಸು. ಐದು ನಿಮಿಷದ ಕೆಲಸ. ಅದಕ್ಕೆಲ್ಲ ಯಾಕೆ ಅಗೀತಾ ಕೂರ್ತೀಯ?” ತಟ್ಟೆ ಇಟ್ಟು ಇಳಿದುಹೋದರು.

ರಿಹಾಬ್ ರೊಟ್ಟಿಯ ಚೂರನ್ನು ಎಣ್ಣೆಯಲ್ಲಿ ಅದ್ದಿ ಮೂಗಿನ ಹತ್ತಿರ ತಂದವಳು ತಟ್ಟನೆ ಕೆಳಗಿಟ್ಟಳು. ಮುಖ ಕಿವುಚಿಹೋಗಿತ್ತು.

“ಈ ಎಣ್ಣೆ ಎಲ್ಲಿಂದ ಬಂತು ಅಕ್ಕ?”

“ಚಿಕ್ಕಪ್ಪ ತರಿಸೋದು. ಯಾಕೆ?”

“ಕಮಟು. ಅರ್ಧಕ್ಕರ್ಧ ಆಲಿವ್ ಅಲ್ಲವೇ ಅಲ್ಲ. ಹಳೇ ಕರಿದೆಣ್ಣೆ ಸೋಸಿ, ಬಣ್ಣ ಕಟ್ಟಿ, ಮೇಲೊಂದಿಷ್ಟು ಒಳ್ಳೇದು ಸುರಿದಿದ್ದಾರೆ. ತಿನ್ಬೇಡ.”

“ಪಾಪ, ಮುದುಕರಿಗೆ ಯಾರೋ ಟೋಪಿ ಹಾಕಿದ್ದಾರೆ,” ಅಂದಳು ಮಬ್ರೂಕಾ ಸ್ವಲ್ಪ ಬಿರುಸಾಗಿ. ಅವರ ಮನೆಯ ತಟ್ಟೆಯ ಬಗ್ಗೆ ಇನ್ನೊಬ್ಬರು ಮೂಗು ಮುರಿಯುವುದು ಅವಳಿಗೆ ಹಿಡಿಸಲಿಲ್ಲ. ಆದರೂ ತಟ್ಟೆಯನ್ನು ಮೇಜಿನ ತುದಿಗೆ ಸರಿಸಿದಳು.

ಮತ್ತೆ ಯಂತ್ರದ ದಿನಚರಿಯನ್ನು ತೆರೆದಳು. ಲಿನಕ್ಸ್ ಯಂತ್ರದ ಒಂದು ಗುಣ ಅವಳಿಗೆ ಮನುಷ್ಯರಿಗಿಂತ ಇಷ್ಟ: ಅದು ತನಗೆ ಆದದ್ದನ್ನೆಲ್ಲ ಗಂಟೆ ನಿಮಿಷ ಸಮೇತ ಬರೆದಿಡುತ್ತದೆ, ನಾಚಿಕೆಯಿಂದ ಏನನ್ನೂ ಬಿಡುವುದಿಲ್ಲ.

“ಕೇಳು,” ಅಂದಳು. “ಅಪ್‌ಡೇಟ್ ಆದಾಗ ಯಂತ್ರದ ಒಳತಿರುಳು ಹೊಸದಾಗುತ್ತೆ. ಅದನ್ನೇ ಕರ್ನಲ್ ಅನ್ನೋದು. ಹೊರಗಿಂದ ತಂದು ತುರುಕಿದ ತುಣುಕು ಏನಾದ್ರೂ ಇದ್ರೆ, ಅದನ್ನ ಹೊಸ ತಿರುಳಿಗೆ ತಕ್ಕ ಹಾಗೆ ಮತ್ತೆ ಕಟ್ಟಬೇಕು. ಭಾನುವಾರ ಒಂದು ತುಣುಕನ್ನ ಕಟ್ಟೋಕೆ ಹೋಗಿ ಸೋತಿದೆ. ಇದೋ, ಹನ್ನೊಂದು ಐವತ್ತಕ್ಕೆ.”

“ಯಾವ ತುಣುಕು?”

“ಕ್ಯಾಮೆರಾದ ಡ್ರೈವರ್.”

“ಅದರಲ್ಲೇನು ತಪ್ಪು? ಕ್ಯಾಮೆರಾಗೆ ಡ್ರೈವರ್ ಬೇಕಲ್ಲ.”

“ಬೇಕು ಮಾರಾಯ್ತಿ, ಆದ್ರೆ ಒಳ್ಳೇ ಡ್ರೈವರ್ ಲಿನಕ್ಸ್ ಜೊತೆಗೇ ಪುಕ್ಕಟೆ ಬರುತ್ತೆ. ಯಾರೋ ಅದನ್ನ ಹೊರಗೆ ಹಾಕಿ, ಒಳಗೆ ಬರಬಾರದು ಅಂತ ಆರ್ಡರ್ ಬರೆದಿಟ್ಟು, ತಮ್ಮದೊಂದನ್ನ ಕೂರಿಸಿದ್ದಾರೆ. ಭಾನುವಾರ ತಮ್ಮದು ಕೂರಲಿಲ್ಲ, ಅಸಲಿಗೆ ಪ್ರವೇಶ ಇಲ್ಲ. ಅದಕ್ಕೇ ಕ್ಯಾಮೆರಾ ಕುರುಡಾಯ್ತು. ಅಪ್‌ಡೇಟ್ ನಿನ್ನ ಕ್ಯಾಮೆರಾನ ಕೆಡಿಸಿಲ್ಲ ಕಣೇ. ನಿನ್ನ ಮಾನ ಉಳಿಸಿದೆ.”

ಅವಳು ಯಂತ್ರವನ್ನು ಆರಿಸಿ, ಹಳೆಯ ಕರ್ನಲ್‌ನಿಂದ ಎಬ್ಬಿಸಿದಳು. ಕ್ಯಾಮೆರಾ ತೆರೆಯಿತು. ಪರದೆಯ ತುಂಬ ಅಂಟುಪಟ್ಟಿಯ ಕಂದು ಮಬ್ಬು. ಮಬ್ರೂಕಾ ಕೈಗವಸಿನೊಳಗಿನ ಉಗುರಿನಲ್ಲಿ ಪಟ್ಟಿಯನ್ನು ಮೆಲ್ಲಗೆ ಎಬ್ಬಿಸಿ, ತನ್ನ ನೀಲಿ ಅಂಗೈಯನ್ನು ಅಗಲಿಸಿ ಅದರೆದುರು ಹಿಡಿದಳು. ಪರದೆಯ ಮೇಲೆ ಐದು ಬೆರಳು ಸ್ಪಷ್ಟವಾಗಿ ಮೂಡಿದವು.

“ಕೈ ಯಾಕೆ ಹಾಗೆ ಹಿಡೀತೀಯ?” ರಿಹಾಬ್ ಕೇಳಿದಳು.

“ಚಿಕ್ಕಪ್ಪ ಕಲಿಸಿದ ಅಭ್ಯಾಸ. ಗಿರಾಕಿ ಮುಖ ತೋರಿಸೋಕೆ ಮೊದಲು ಕ್ಯಾಮೆರಾಗೆ ಐದು ಬೆರಳು ತೋರಿಸ್ಬೇಕು. ದೃಷ್ಟಿನೂ ತಾಗಲ್ಲ, ಚಿತ್ರ ಮಂಜೋ ಚೊಕ್ಕವೋ ಅದೂ ಗೊತ್ತಾಗುತ್ತೆ. ಈ ಬೀದಿಯಲ್ಲಿ ನಾವಿಬ್ಬರೇ ಹೀಗೆ ಮಾಡೋದು. ಉಳಿದವರು ನಗ್ತಾರೆ.” ಕೈ ತೆಗೆದಳು. ಪರದೆಯಲ್ಲಿ ರಿಹಾಬಳ ಮುಖ ಬಂತು, ಕೆದರಿದ ಕೂದಲು ಸಮೇತ. “ಈಗ ಪರದೆ ನೋಡ್ಬೇಡ. ಕ್ಯಾಮೆರಾ ಪಕ್ಕದ ದೀಪ ನೋಡು.”

ಹಸಿರು ದೀಪ ಹತ್ತಿರಲಿಲ್ಲ.

ಕ್ಯಾಮೆರಾ ನೋಡುತ್ತಿತ್ತು, ದೀಪ ಮಾತ್ರ ಆರಿತ್ತು. ಈ ಹಳೆಯ ಮಾದರಿಯಲ್ಲಿ ದೀಪಕ್ಕೆ ಹೇಳುವವನೂ ಡ್ರೈವರೇ. ಹತ್ತಬೇಡ ಎಂದು ಅವನು ಹೇಳಿದರೆ ಅದು ಹತ್ತುವುದಿಲ್ಲ. ಮಬ್ರೂಕಾ ಪಟ್ಟಿಯನ್ನು ಮತ್ತೆ ಒತ್ತಿದಳು.

ರಿಹಾಬ್ ಎದ್ದು ಮೂಲೆಯ ನಲ್ಲಿಯ ಹತ್ತಿರ ಓಡಿದಳು. ತುಂಬ ಹೊತ್ತು ಮುಖ ತೊಳೆದಳು. “ಏಪ್ರಿಲ್‌ನಿಂದ, ಅಕ್ಕ,” ಅಂದಳು ನಲ್ಲಿಯ ಕಡೆಗೇ ಮುಖಮಾಡಿ. “ಲ್ಯಾಬಿನವರು ಕೊಟ್ಟಾಗಿನಿಂದ ಅದು ನನ್ನ ಮಂಚದ ಎದುರಿಗೇ ಇತ್ತು. ನಾನು ಅದರ ಮುಂದೆ ಬಟ್ಟೆ...”

ಮಬ್ರೂಕಾಗೆ ಮೈಯೆಲ್ಲ ಜಿರಳೆ ಹರಿದಂತಾಯಿತು. ಗವಸು ಕಿತ್ತು ಬಿಸಾಡಿ, ಕೈಗೆ ಸ್ಪಿರಿಟ್ ಸುರಿದುಕೊಂಡು, ಹೊಸ ಗವಸು ಹಾಕಿಕೊಂಡಳು. “ಏಪ್ರಿಲ್‌ನಲ್ಲಿ ಇದನ್ನ ನಿನಗೆ ಸಿದ್ಧಮಾಡಿ ಕೊಟ್ಟವನು ಯಾರು?”

“ಲ್ಯಾಬಿನ ಕಂಪ್ಯೂಟರ್ ನೋಡ್ಕೊಳ್ಳೋ ವಜ್ದಿ.”

“ಕರೆ ಅವನನ್ನ. ಬಿಲ್ಲಿಗೆ ಸಹಿ ಬೇಕು ಅನ್ನು. ಬಾಲ ಅಲ್ಲಾಡಿಸ್ಕೊಂಡು ಬರ್ತಾನೆ.”

ಎರಡೂಕಾಲಿಗೆ ಬಂದ. ಹಿಮ್ಮಡಿ ತುಳಿದು ಚಪ್ಪಟೆಯಾದ ಬೂಟು, ಭುಜದ ಮೇಲೆ ಹೊಟ್ಟು, ಬಾಯಲ್ಲಿ ಸೂರ್ಯಕಾಂತಿ ಬೀಜ. ಬಂದವನೇ ಎರಡು ಸಿಪ್ಪೆಯನ್ನು ಮಬ್ರೂಕಾಳ ಒರೆಸಿದ ನೆಲದ ಮೇಲೆ ಉಗುಳಿದ. ಅಪರಾಧಿ ಇವನೇ ಎಂದು ಅವಳ ಮನಸ್ಸು ಆ ಕ್ಷಣವೇ ತೀರ್ಪು ಕೊಟ್ಟುಬಿಟ್ಟಿತು.

“ಈ ಯಂತ್ರಕ್ಕೆ ಲಿನಕ್ಸ್ ಹಾಕಿದ್ದು ನೀವೇ ತಾನೇ?”

“ಲ್ಯಾಬಿನ ಎಲ್ಲದಕ್ಕೂ ನಾನೇ ಮೇಡಂ. ಯಾಕೆ, ಶಾಲು ಹೊದಿಸ್ತೀರಾ?”

“ಕ್ಯಾಮೆರಾ ನಿಂತಿದೆ.”

“ಅಪ್‌ಡೇಟ್ ಆದ್ಮೇಲೆ ಹಂಗೆಲ್ಲ ಆಗುತ್ತೆ. ಮಾಮೂಲು.” ಇನ್ನೊಂದು ಸಿಪ್ಪೆ.

“ಹಾಗಾದ್ರೆ ಸರಿಮಾಡಿ.” ಮಬ್ರೂಕಾ ಯಂತ್ರವನ್ನು ಅವನ ಕಡೆ ತಿರುಗಿಸಿದಳು. “ಅಷ್ಟು ಬೇಡ. ಈಗ ಯಾವ ಕರ್ನಲ್ ಓಡ್ತಿದೆ, ಹಳೇದೋ ಹೊಸದೋ, ತೋರಿಸಿ. ಅಷ್ಟು ಸಾಕು.”

ವಜ್ದಿಯ ದವಡೆ ನಿಂತಿತು. ಅವನ ಬೆರಳು ಕೀಬೋರ್ಡಿನ ಮೇಲೆ ಅಲೆದಾಡಿ, ಎಲ್ಲೋ ಒತ್ತಿತು. ಪರದೆಯ ಹೊಳಪು ಹೆಚ್ಚಾಯಿತು. ಇನ್ನೊಂದು ಒತ್ತಿದ. ಧ್ವನಿ ಜೋರಾಯಿತು.

“ಟೀವಿ ರಿಮೋಟಾ ಅದು?” ಅಂದಳು ಮಬ್ರೂಕಾ.

ರಿಹಾಬಳಿಗೆ ತಡೆಯಲಾಗಲಿಲ್ಲ. “ನಾಟಕ ಆಡ್ತಾನೆ, ಅಕ್ಕ! ಲೋ, ನನ್ನ ಕೋಣೆ ನೋಡ್ತಿದ್ದವನು ನೀನೇ ಅಲ್ವೇನೋ! ನೋಡಿ ಬಂದು ದಿನಾ ಬೆಳಿಗ್ಗೆ ಎದುರು ಮೇಜಲ್ಲಿ ಕೂತು ಸಲಾಂ ಹೇಳ್ತಿದ್ದೆಯಲ್ಲೋ, ಹೊಲಸು ನಾಯಿ!”

“ಕೋಣೆ? ಯಾವ ಕೋಣೆ? ಇವಳಿಗೇನಾಯ್ತು ಮೇಡಂ?”

ಮಬ್ರೂಕಾ ಪಟ್ಟಿ ಎತ್ತಿದಳು. ಪರದೆಯಲ್ಲಿ ವಜ್ದಿಯ ಎಣ್ಣೆಮುಖ ಬಂತು. ಅವಳು ಆರಿದ ದೀಪದ ಮೇಲೆ ಬೆರಳಿಟ್ಟಳು. ಅವನು ಪರದೆ ನೋಡಿದ, ದೀಪ ನೋಡಿದ, ರಿಹಾಬಳನ್ನು ನೋಡಿದ. ತುಟಿಗೆ ಅಂಟಿದ್ದ ಸಿಪ್ಪೆ ತಾನಾಗಿ ಉದುರಿತು.

“ಛೀ,” ಅಂದ ಮೆಲ್ಲಗೆ. ಆಮೇಲೆ ಕುರ್ಚಿ ಹುಡುಕಿ ಕೂತ. “ಅಯ್ಯೋ ದೇವರೇ. ಹನ್ನೊಂದು ಯಂತ್ರ.”

“ಏನು ಹನ್ನೊಂದು?”

“ನನಗೆ ಲಿನಕ್ಸ್ ಬರಲ್ಲ, ಮೇಡಂ. ಬರುತ್ತೆ ಅಂತ ಹೇಳಿ ಕೆಲಸಕ್ಕೆ ಸೇರಿದೆ. ಸಾಹೇಬರಿಗೆ ಗೊತ್ತಾದ್ರೆ ಅವತ್ತೇ ಮನೆಗೆ. ಅದಕ್ಕೇ ಏಪ್ರಿಲ್‌ನಲ್ಲಿ ಒಂದು ಶನಿವಾರ ಎಲ್ಲಾನೂ ಹೊರಗೆ ಕೊಟ್ಟು ಮಾಡಿಸ್ದೆ. ಹನ್ನೊಂದು ಯಂತ್ರ. ಏಳು ಹೆಣ್ಣುಮಕ್ಕಳದು.”

ರಿಹಾಬ್ ಗೋಡೆಗೆ ಒರಗಿದಳು. ಮಬ್ರೂಕಾ ಅವನ ಕಾಲರನ್ನು ಗವಸಿನ ಎರಡು ಬೆರಳಲ್ಲಿ ಹಿಡಿದಳು. ಅಷ್ಟಕ್ಕೇ ಅವಳಿಗೆ ಅಸಹ್ಯವಾಯಿತು. “ಯಾರಿಗೆ ಕೊಟ್ಟೆ?”

“ನಿಮ್ಮ ಬೀದಿಯಲ್ಲೇ.”

“ಹೆಸರು ಬೊಗಳು.”

ವಜ್ದಿ ಮೊದಲ ಸಲ ಅವಳ ಕಣ್ಣಿಗೆ ಕಣ್ಣಿಟ್ಟು ನೋಡಿದ. “ಹೇಳಿದ್ರೆ ನಂಬ್ತೀರಾ? ನನ್ನ ಕಂಡ್ರೇನೇ ನಿಮಗೆ ವಾಕರಿಕೆ. ನಾನು ಬಾಗಿಲಿಗೆ ಬಂದಾಗ್ಲೇ ನೀವು ತೀರ್ಮಾನ ಮಾಡಿ ಆಗಿತ್ತು. ಆ ಹೆಸರು ನನ್ನ ಬಾಯಿಂದ ಬಂದ್ರೆ ನೀವು ನನ್ನನ್ನೇ ಮೆಟ್ಟಿಲಿಂದ ಉರುಳಿಸ್ತೀರಿ. ನೀವೇ ಕಂಡುಹಿಡೀರಿ. ಆಮೇಲೆ ಬೇಕಾದ್ರೆ ಕರೀರಿ, ಬಂದು ಹೌದು ಅಂತೀನಿ.”

ಕೊಸರಿಕೊಂಡು ಮೆಟ್ಟಿಲಿಳಿದ. ಕೆಳಗಿನ ಅಂಗಡಿಯ ಮುಂದೆ ಅವನ ಹೆಜ್ಜೆ ಓಟವಾದದ್ದು ಮೇಲಕ್ಕೆ ಕೇಳಿಸಿತು.

ಮಬ್ರೂಕಾ ನೆಲದ ಸಿಪ್ಪೆಗಳನ್ನು ಗುಡಿಸಿದಳು. ಗುಡಿಸದೆ ಅವಳಿಗೆ ಯೋಚನೆ ಓಡುತ್ತಿರಲಿಲ್ಲ. ಆಮೇಲೆ ಆ ನಕಲಿ ಡ್ರೈವರಿನ ಬೆನ್ನು ಹತ್ತಿ ಯಂತ್ರದ ಒಳಮನೆಗಳನ್ನು ಒಂದೊಂದಾಗಿ ತೆರೆಯುತ್ತ ಹೋದಳು. ಮೂರು ನಲವತ್ತಕ್ಕೆ ಸಿಕ್ಕಿತು. ಹೆಸರೇ ಇಲ್ಲದ ಒಂದು ಬಚ್ಚಿಟ್ಟ ಫೋಲ್ಡರ್. ತೆಗೆದ ಫೋಟೋ ಮೊದಲು ಅಲ್ಲಿಗೆ ಬರುತ್ತಿತ್ತು. ಕಳಿಸಬೇಕಾದ ಕಡೆಗೆ ಕಳಿಸಿದ ಕೂಡಲೇ ಅಳಿಸಿಹೋಗುತ್ತಿತ್ತು.

“ಒಂದು ಉಳಿದಿದೆ,” ಅಂದಳು. “ಮೊದಲನೇದು. ಎಲ್ಲಿಗೆ ಕಳಿಸ್ಬೇಕು ಅಂತ ವಿಳಾಸ ತುಂಬೋಕೆ ಮುಂಚೆ, ಕ್ಯಾಮೆರಾ ಸರಿಯಿದೆಯಾ ಅಂತ ನೋಡೋಕೆ ತೆಗೆದದ್ದು. ಕಳಿಸಿಲ್ಲ, ಅದಕ್ಕೇ ಅಳಿಸಿಲ್ಲ. ಏಪ್ರಿಲ್, ಶನಿವಾರ.”

“ತೆಗಿ ಅಕ್ಕ. ಮುಖ ಇದ್ರೆ ಗೆದ್ವಿ.”

ತೆರೆದಳು. ಮುಖವಿರಲಿಲ್ಲ. ಪರದೆಯ ತುಂಬ ಒಂದು ಅಂಗೈ. ಐದು ಬೆರಳು ಅಗಲಿಸಿ ಹಿಡಿದ, ನೀಲಿ ಗವಸು ತೊಟ್ಟ ಅಂಗೈ.

ರಿಹಾಬ್ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದಳು.

“ಇದು ನೀನು,” ಅಂದಳು ರಿಹಾಬ್.

“ಅಲ್ಲ ಕಣೇ.”

“ಈಗ ಎರಡು ಗಂಟೆ ಹಿಂದೆ ಇದೇ ಕೈ, ಇದೇ ಗವಸು, ಇದೇ ಥರ ಹಿಡಿದೆ. ಬೀದಿಯಲ್ಲಿ ಉಳಿದವರು ಹೀಗೆ ಮಾಡಲ್ಲ ಅಂತ ನೀನೇ ಹೇಳ್ದೆ.”

“ರಿಹಾಬ್, ತಾಳು, ನನ್ನ ಮಾತು...”

“ನಿನ್ನ ಹತ್ರ ಬಂದು ಅತ್ತೆನಲ್ಲ! ಆ ಫೋಟೋಗಳನ್ನ ಅಪ್ಪನಿಗೂ ತೋರಿಸಿಲ್ಲ, ನಿನಗೆ ತೋರಿಸಿದೆ. ಗವಸು ಹಾಕ್ಕೊಂಡು ಎಷ್ಟು ಚೆನ್ನಾಗಿ ಅಸಹ್ಯಪಟ್ಟೆ. ಥೂ ನಿನ್ನ!” ಅವಳು ಚೀಲ ಎಳೆದುಕೊಂಡಳು. “ಯಂತ್ರ ನೀನೇ ಇಟ್ಕೋ. ಆ ಹೊಲಸನ್ನ ನಾನಿನ್ನು ಮುಟ್ಟಲ್ಲ. ಲ್ಯಾಬಿಗೆ ಹೋಗಿ ಸಹಿ ಹಾಕ್ತೀನಿ. ಊರಿನ ಮಕ್ಕಳು ಆ ವಿಷ ತಿನ್ಲಿ. ನಾನೊಬ್ಬಳೇ ಯಾಕೆ ಸಾಯ್ಲಿ?”

ಬಾಗಿಲು ಬಡಿಯಿತು. ಮಬ್ರೂಕಾ ಹಿಂದೆ ಓಡಬೇಕೆಂದು ಎದ್ದವಳು ಹಾಗೇ ನಿಂತಳು. ಓಡಿ ಹಿಡಿದು ಏನು ಹೇಳುವುದು?

ಮತ್ತೆ ಕೂತು ಚಿತ್ರವನ್ನು ದೊಡ್ಡದು ಮಾಡಿದಳು. ಗವಸು ಅವಳ ಅಂಗಡಿಯದೇ, ಮಣಿಕಟ್ಟಿನ ಬಿಳಿ ಅಂಚು ಅದೇ. ಹೆಬ್ಬೆರಳು ನೆಟ್ಟಗಿತ್ತು. ತೋರುಬೆರಳು, ನಡುಬೆರಳು, ನೆಟ್ಟಗೆ. ಉಂಗುರ ಬೆರಳಿನ ಹತ್ತಿರ ಅವಳ ಕಣ್ಣು ನಿಂತಿತು. ಗವಸಿನ ಆ ಬೆರಳು ಮೇಲಿನ ಗೆಣ್ಣಿನವರೆಗೆ ತುಂಬಿತ್ತು. ಅಲ್ಲಿಂದ ಮೇಲೆ ರಬ್ಬರು ಖಾಲಿ. ಒಳಗೆ ಏನೂ ಇಲ್ಲದೆ ತುದಿ ಮಡಿಸಿಕೊಂಡು ಕೆಳಗೆ ಜೋತುಬಿದ್ದಿತ್ತು.

ಅವಳು ನೋಡಿದಳು. ಇಲ್ಲ ಅಂದುಕೊಂಡಳು. ಮತ್ತೆ ನೋಡಿದಳು.

ಮೇಜಿನ ತುದಿಯ ತಟ್ಟೆಯಿಂದ ಎಣ್ಣೆಯ ವಾಸನೆ ಈಗ ಅವಳ ಮೂಗಿಗೂ ಬಡಿಯಿತು. ಕಮಟು. ಪ್ರತಿ ವರ್ಷ ಕೊಯ್ಲಿನ ಹೊತ್ತಿಗೆ ಕೆಳಗಿನ ಅಂಗಡಿಗೆ ಬರುತ್ತಿದ್ದ ತಗಡಿನ ಡಬ್ಬಿಗಳು ನೆನಪಾದವು. ಡಬ್ಬಿಯ ಮೇಲೆ ಯಾವ ಗಾಣದ ಹೆಸರಿದೆ ಎಂದು ಅವಳು ಒಂದು ದಿನವೂ ನೋಡಿರಲಿಲ್ಲ. ನೋಡುವ ಅಗತ್ಯವೇ ಬಂದಿರಲಿಲ್ಲ. ಮನೆಯವರ ತಟ್ಟೆಯನ್ನು ಯಾರಾದರೂ ತನಿಖೆ ಮಾಡುತ್ತಾರೆಯೇ?

ಇಪ್ಪತ್ತೆರಡು ವರ್ಷ ನಾಲಿಗೆಯ ಮೇಲೆ ಕೂತಿದ್ದ ‘ಅವರು’ ಎಂಬ ಮರ್ಯಾದೆ ಆ ಕಮಟಿನಲ್ಲೇ ಕೊಚ್ಚಿಹೋಯಿತು. ಅಪ್ಪನ ಹಾಗಿದ್ದವನು. ಹೆಣ್ಣುಮಕ್ಕಳ ಯಂತ್ರವೆಂದು ಜೋಪಾನವಾಗಿ ಮಹಡಿಗೆ ಕಳಿಸುತ್ತಿದ್ದವನು. ಥೂ, ಆ ಕೈಯಿಂದ ಎಷ್ಟು ರೊಟ್ಟಿ ತಿಂದಳು!

ಮೆಟ್ಟಿಲ ಮೇಲೆ ಹೆಜ್ಜೆ.

ಅವಳು ಚಿತ್ರವನ್ನು ಪೆನ್‌ಡ್ರೈವಿಗೆ ಇಳಿಸಿ, ಅದನ್ನು ಕುಪ್ಪಸದೊಳಗೆ ತುರುಕಿ, ಪರದೆಯ ಮೇಲಿನ ಚಿತ್ರ ಮುಚ್ಚುವಷ್ಟರಲ್ಲಿ ಶಾದ್ಲಿ ಒಳಗೆ ಬಂದ.

“ಆ ಕೂಸು ಅಳ್ತಾ ಓಡಿಹೋಯ್ತಲ್ಲ, ಮಗಳೇ? ಸರಿಹೋಗ್ಲಿಲ್ವಾ?”

“ಇಲ್ಲ, ಚಿಕ್ಕಪ್ಪ.” ಮಬ್ರೂಕಾ ಕೈಗವಸು ಕಳಚಿದಳು. “ನನ್ನ ಕೈಲಿ ಆಗ್ಲಿಲ್ಲ.”

“ಸರಿ, ಸ್ವಲ್ಪ ಪಕ್ಕಕ್ಕೆ ಸರಿ. ನಾನು ನೋಡ್ತೀನಿ.” ಡಬ್ಬಿಯಿಂದ ನೀಲಿ ಗವಸೊಂದನ್ನು ಎಳೆದುಕೊಂಡ. “ನೋಡು, ನಿನ್ನ ಕಟ್ಟಳೆ ಮುರಿಯಲ್ಲ ನಾನು.” ನಕ್ಕ. ಪರದೆ ನೋಡಿ, “ಹಳೇ ಕರ್ನಲ್ಲೇ ಓಡ್ತಿದೆಯಲ್ಲ! ಮತ್ತಿನ್ನೇನು ತೊಂದರೆ?” ಎನ್ನುತ್ತ ಇಂಟರ್ನೆಟ್ ತಂತಿಯನ್ನು ಚುಚ್ಚಿದ. ಅಂಟುಪಟ್ಟಿಯನ್ನು ಕಿತ್ತು ಉಂಡೆ ಮಾಡಿ ಬಿಸಾಡಿದ. ಆಮೇಲೆ, ಯೋಚನೆಯೇ ಇಲ್ಲದೆ, ಬಲಗೈ ಎತ್ತಿ ಕ್ಯಾಮೆರಾದ ಮುಂದೆ ಅಗಲಿಸಿ ಹಿಡಿದ.

“ಐದು ಬೆರಳು ಕಾಣ್ತಿದೆಯಾ, ಮಗಳೇ?”

ಪರದೆಯ ಮೇಲೆ ಉಂಗುರ ಬೆರಳಿನ ತುದಿ ಜೋತುಬಿದ್ದಿತ್ತು.

“ಕಾಣ್ತಿದೆ, ಚಿಕ್ಕಪ್ಪ.”

ಯಾವ ರಿಪೇರಿಯವನಾದರೂ ಮೊದಲು ನೋಡುವುದು ಹಸಿರು ದೀಪವನ್ನು. ಶಾದ್ಲಿಯ ಕಣ್ಣು ಆ ಕಡೆ ಹೋಗಲೇ ಇಲ್ಲ. ಅವನು ಯಂತ್ರವನ್ನು ಅವಳ ಕಡೆ ತಿರುಗಿಸಿ ಗವಸು ಕಳಚಿದ.

“ನಡೀತಿದೆ ನೋಡು. ಕಾರಣ ಕೆದಕ್ಕೊಂಡು ಕೂರ್ಬೇಡ, ಆ ಹುಡುಗಿಗೆ ಕೊಟ್ಕಳಿಸು. ಎಲ್ಲ ಯಂತ್ರದಲ್ಲೂ ಏನಾದ್ರೂ ಹೊಲಸು ಇದ್ದೇ ಇರುತ್ತೆ. ಅಗೆದವರ ಕೈಗೇ ಮೆತ್ತೋದು.” ಮೇಜಿನ ತುದಿಯ ತಟ್ಟೆಯತ್ತ ನೋಡಿದ. “ಇದೇನು, ಮುಟ್ಟೇ ಇಲ್ಲ?”

“ಹಸಿವಿರಲಿಲ್ಲ.”

“ಇಪ್ಪತ್ತೆರಡು ವರ್ಷದಲ್ಲಿ ನನ್ನ ರೊಟ್ಟಿ ಬೇಡ ಅಂದವಳಲ್ಲ ನೀನು.” ರೊಟ್ಟಿ ಮುರಿದ. ಎಣ್ಣೆಯಲ್ಲಿ ಹೊರಳಿಸಿ ಅದ್ದಿದ. ಎಣ್ಣೆ ಸೋರುವ ಚೂರನ್ನು ಆ ಮೋಟು ಬೆರಳಿನ ಕೈಯಲ್ಲಿ ಅವಳ ಬಾಯಿಗೆ ಹಿಡಿದ. ಅವನ ಕಣ್ಣು ಅವಳ ಮುಖದ ಮೇಲೆಯೇ ಇತ್ತು. “ತಿನ್ನು.”

ಮಬ್ರೂಕಾ ಬಾಯಿ ತೆರೆದಳು. ಕಮಟೆಣ್ಣೆ ನಾಲಿಗೆಯ ಮೇಲೆ ಹರಡಿ ಗಂಟಲಿಗೆ ಇಳಿಯಿತು. ಅವಳು ಅಗಿದಳು, ನುಂಗಿದಳು. “ಚೆನ್ನಾಗಿದೆ, ಚಿಕ್ಕಪ್ಪ,” ಅಂದಳು.

ಮೇಜಿನ ಮೇಲೆ ಅವಳ ಫೋನು ಗುರ್ರೆಂದಿತು. ರಿಹಾಬ್ ತನಗೆ ಬಂದ ಫೋಟೋ ಒಂದನ್ನು ದಾಟಿಸಿದ್ದಳು.

ಫೋಟೋದಲ್ಲಿ ಇದೇ ಕೋಣೆ, ಇದೇ ಗೋಡೆ ಗಡಿಯಾರ. ಕುರ್ಚಿಯಲ್ಲಿ ಮಬ್ರೂಕಾ, ಬಾಯಿ ತೆರೆದುಕೊಂಡು. ಪಕ್ಕದಿಂದ ಚಾಚಿ ಬಂದ ಒಂದು ಕೈ, ರೊಟ್ಟಿ ಹಿಡಿದು. ಅದರ ಕೆಳಗೆ ಆ ಹಲ್ಕಟ್‌ನ ಮಾತು: ‘ರಿಪೇರಿಯವಳ ಹತ್ತಿರ ಹೋಗಿದ್ದೀಯಾ? ಹಾಗಾದರೆ ಐದರವರೆಗೂ ಕಾಯುವುದಿಲ್ಲ. ನಾಲ್ಕೂವರೆ.’

ಅದರ ಕೆಳಗೆ ರಿಹಾಬಳ ಎರಡು ಸಾಲು: ‘ಕ್ಷಮಿಸು ಅಕ್ಕ, ಅದು ನೀನಲ್ಲ, ಆ ಗವಸಿನ ಉಂಗುರ ಬೆರಳಿನ ತುದಿಯೂ ಖಾಲಿಯಿತ್ತು. ಈ ಮೋಟು ಬೆರಳಿನವನು ಯಾರು?’

ಗಡಿಯಾರದಲ್ಲಿ ನಾಲ್ಕು ಹತ್ತು. ಶಾದ್ಲಿಯ ಎರಡು ಕೈಯೂ ಅವಳ ಕಣ್ಣೆದುರೇ ಇದ್ದವು, ಒಂದರಲ್ಲಿ ರೊಟ್ಟಿ, ಇನ್ನೊಂದರಲ್ಲಿ ತಟ್ಟೆ. ಫೋಟೋ ಕಳಿಸಿದವನು ಅವನಲ್ಲ. ಆಚೆ ತುದಿಯಲ್ಲಿ ಇನ್ನೊಬ್ಬ ಕೂತು ಈಗಲೂ ಇದನ್ನೆಲ್ಲ ನೋಡುತ್ತಿದ್ದ.

ಶಾದ್ಲಿ ಎರಡನೆಯ ಚೂರನ್ನು ಎಣ್ಣೆಯಲ್ಲಿ ಅದ್ದಿದ.

“ಯಾರದು ಮೆಸೇಜು, ಮಗಳೇ? ಎಲ್ಲಿ, ಫೋನ್ ಇಲ್ಲಿ ಕೊಡು.”